ಪಡಸಾಲೆ ಬಿಚ್ಚಿದ ಬೇಸಿಗೆ

ಕಿತ್ತೂರಿನಿಂದ ಸ್ವಲ್ಪ ಈಚೆಗೆ, ಹೆದ್ದಾರಿಯ ಬದಿಯಲ್ಲಿ ಹೊಸದೊಂದು ಹೋಟೆಲು ಆಗಿದೆ. ಹಳೆಯ ವಾಡೆಯ ಹಾಗೆ, ಊರ ಗೌಡರ ದೊಡ್ಡ ಮನೆಯ ಹಾಗೆ ಕಾಣಲಿ ಎಂದು ಕಟ್ಟಿದ್ದು. ಗೋಡೆಗೆ ಮಣ್ಣಿನ ಬಣ್ಣದ ಪೇಂಟು, ಬಾಗಿಲಲ್ಲಿ ಹಿತ್ತಾಳೆ ಗಂಟೆ, ಮೂಲೆಯಲ್ಲಿ ಒಂದು ಹಿಡಿ ಜೋಳವನ್ನೂ ಬೀಸದೆ ಸುಮ್ಮನೆ ಕೂತ ಬೀಸುಕಲ್ಲು. ಹೋದ ಶ್ರಾವಣದಲ್ಲಿ ಧಾರವಾಡದಿಂದ ಬೈಲಹೊಂಗಲಕ್ಕೆ ವಾಪಸು ಬರುವಾಗ ಚಹಾ ಕುಡಿಯಲು ಅಲ್ಲಿ ಇಳಿದೆ. ನನ್ನ ಅಂಗಡಿಗೆ ಸ್ಟೀಲ್ ಕಪಾಟು ಹೇರಿಕೊಂಡ ಟೆಂಪೊ ಹೊರಗೆ ನಿಂತಿತ್ತು. ಹೌದು, ನಾನೀಗ ಸ್ಟೀಲ್ ಕಪಾಟು ಮಾರುತ್ತೇನೆ. ನಮ್ಮಪ್ಪ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಯಾರೂ ಕೇಳಬೇಡಿ.

ಒಳಗೆ ಕರೆಂಟಿನವನೊಬ್ಬ ಟಿವಿ ಕೂರಿಸಲು ಮರದ ಕಂಬಕ್ಕೆ ಡ್ರಿಲ್ ಹಚ್ಚಿದ್ದ. ಸಾಗವಾನಿಯ ಪುಡಿ ನೆಲಕ್ಕೆ ಉದುರುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಯಿಗೆ ಒಯ್ದ ಚಹಾ ಅಲ್ಲೇ ನಿಂತಿತು. ಹಳೆಯ ಸಾಗವಾನಿಯನ್ನು ಹೊರಗಿನಿಂದ ಮೂಸಿದರೆ ಹೊಗೆ, ಎಣ್ಣೆ, ಧೂಳು. ಒಳಗೆ ಮಾತ್ರ ಅದು ಕೊಯ್ದ ದಿನ ಹೇಗಿತ್ತೋ ಹಾಗೇ ಇರುತ್ತದೆ. ಆ ವಾಸನೆಯಲ್ಲಿ ನಾನು ಒಂದು ಇಡೀ ಬೇಸಿಗೆ ಕಳೆದಿದ್ದೇನೆ. ತಲೆಯೆತ್ತಿ ಕಂಬವನ್ನು ನೋಡಿದೆ. ತಲೆಕೆಳಗಾಗಿ ನಿಲ್ಲಿಸಿದ್ದರು.

"ಥೂ!" ಎಂದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮ್ಯಾನೇಜರು ಚಹಾ ಸರಿಯಾಗಿಲ್ಲ ಎಂದು ತಿಳಿದ. "ಸಕ್ಕರಿ ಕಡಿಮಿ ಆತೇನ್ರಿ?" ಎಂದು ಕೇಳಿದ.

ಅದು ತೊಂಬತ್ತೆಂಟನೆಯ ಇಸವಿಯ ಬೇಸಿಗೆ. ನನಗಾಗ ಮೂವತ್ತೆರಡು. ನಾವು ಬಡಿಗರು, ಸಂಪಗಾಂವದ ಹತ್ತಿರದ ಹಳ್ಳಿ ನಮ್ಮದು. ನಮ್ಮಪ್ಪ ಕಾಳಪ್ಪ, ಅವರಪ್ಪ, ಅವರಜ್ಜ ಎಲ್ಲರೂ ಮೊಳೆಯಿಲ್ಲದೆ ಮನೆ ನಿಲ್ಲಿಸಿದವರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಮರದ ತುದಿಯನ್ನು ಸುತ್ತಲೂ ಕೊಯ್ದು ನಡುವೆ ನಾಲಿಗೆಯಷ್ಟು ಉಳಿಸುವುದು. ಇನ್ನೊಂದು ಮರದಲ್ಲಿ ಆ ನಾಲಿಗೆ ಕೂರುವಷ್ಟೇ, ಕೂದಲೆಳೆಯಷ್ಟೂ ಹೆಚ್ಚಿಲ್ಲದ ತೂತು ಹೊಡೆಯುವುದು. ಎರಡನ್ನೂ ಕೂಡಿಸಿ ಅಡ್ಡಲಾಗಿ ಜಾಲಿಯ ಬೆಣೆಯೊಂದನ್ನು ಬಡಿದರೆ ಮುಗಿಯಿತು. ಮೊಳೆ ಇಲ್ಲ, ಅಂಟು ಇಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ದೊಡ್ಡ ಹೆಸರೇನೂ ಇರಲಿಲ್ಲ. ನಾಲಿಗೆ, ತೂತು, ಬೆಣೆ, ಅಷ್ಟೇ.

ಅಪ್ಪ ನನಗೆ ಅದನ್ನು ಹೊಡೆತ ತಿನ್ನಿಸಿ ಕಲಿಸಿದ್ದ. ನಾನು ಕಲಿತು ಮುಗಿಸುವಷ್ಟರಲ್ಲಿ ಊರಿಗೆ ಅದು ಬೇಡವಾಗಿತ್ತು. ಚೌಕಟ್ಟು ಸಿಮೆಂಟಿನದು, ಬಾಗಿಲು ತಗಡಿನದು, ಮಾಳಿಗೆ ಆರ್‌ಸಿಸಿ. ಬಡಿಗ ಬೇಕಾಗುತ್ತಿದ್ದದ್ದು ಸ್ಲ್ಯಾಬಿಗೆ ಹಲಗೆ ಬಡಿಯಲಿಕ್ಕೆ. ಹಲಗೆಗೆ ಮೊಳೆ ಹೊಡೆದು, ಇಪ್ಪತ್ತು ದಿನ ಬಿಟ್ಟು ಮೊಳೆ ಕಿತ್ತು ಬರುವ ಕೆಲಸ. ಅದನ್ನು ಮಾಡುವಾಗೆಲ್ಲ ನನ್ನ ಕೈಗೆ ನಾಚಿಕೆಯಾಗುತ್ತಿತ್ತು. ಇಂಥ ಹೊತ್ತಿಗೆ ಸರಿಯಾಗಿ ಸೇಠ ಬಂದ.

ಎಲ್ಲಿಂದಲೋ ಬಂದವನು. ಬಿಳಿ ಪೈಜಾಮ, ಬಿಳಿ ಅಂಗಿ, ಬಿಳಿ ಕಾರು. ಹಳೆಯ ವಾಡೆಗಳ ಕಂಬ, ಬಾಗಿಲು, ತೊಲೆ ಕೊಳ್ಳುತ್ತಿದ್ದ. ಸವದತ್ತಿಯ ಕಡೆ ಒಂದು ಮನೆಯಲ್ಲಿ ಕೂಲಿಯಾಳುಗಳು ಕೊಡಲಿ ಹಾಕಿ ನಾಲ್ಕು ಕಂಬ ಸೀಳಿಬಿಟ್ಟಿದ್ದರಂತೆ. ಯಾರೋ ನನ್ನ ಹೆಸರು ಹೇಳಿದ್ದರು.

"ಒಡಿಯವ್ರು ನೂರು ಮಂದಿ ಸಿಗ್ತಾರ ಮಿಸ್ತ್ರಿ," ಎಂದ ನಮ್ಮ ಕಟ್ಟೆಯ ಮೇಲೆ ಕೂತು. "ಬಿಚ್ಚಾವ್ರು ಬೇಕಾಗ್ಯಾರ. ಆ ಕೈ ಈ ತಾಲೂಕಿನಾಗ ನಿಮ್ಮದೊಂದ ಅಂತ ಕೇಳೇನಿ."

ನಾನು ಉಬ್ಬಿಹೋದೆ. ಸುಳ್ಳು ಹೇಳಲಾರೆ, ಆ ಮಾತನ್ನು ನನಗೆ ಅಷ್ಟು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ. ಅಪ್ಪನ ಮಾತಂತೂ ಬಿಡಿ. ಒಳಗೆ ಕೂತು ಉಳಿಯನ್ನು ಮಸೆಯುತ್ತ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸೇಠನ ಕಾರು ತಿರುಗಿಕೊಂಡ ಮೇಲೆ ಹೊರಗೆ ಬಂದ.

"ಬಿಚ್ಚೂದು ಏನ ದೊಡ್ಡದು," ಎಂದ. "ಕೂಡಸಾಂವ ಯಾರು, ಅದನ್ನ ಕೇಳಿದಿಯೇನು?"

"ನನ್ನನ್ನ ಕರೀತೇನಿ ಅಂದಾರ. ಎಲ್ಲಿ ನಿಲ್ಲಸ್ತಾರೋ ಅಲ್ಲಿಗೆ ಹೋಗಿ ಕೂಡಿಸಿ ಬರತೇನಿ."

ಅಪ್ಪ ನನ್ನ ಮುಖ ನೋಡಿದ. "ನವಿಲುತೀರ್ಥದ ಒಡ್ಡು ಕಟ್ಟೂ ಮುಂದ ಮುಳಗೂ ಊರಾಗಿನ ಮನಿ ಬಿಚ್ಚಾಕ ನಾನೂ ಹೋಗಿದ್ದೆ. ಬಿಚ್ಚಿದ್ದು ಕೂಡಸಾಕ. ಒಂದ ತಿಂಗಳಿನಾಗ ಹೊಸ ಊರಾಗ ಅದ ಕಂಬ ಅದ ತೊಲಿ ಎದ್ದ ನಿಂತಿದ್ವು. ಅದು ಬಿಚ್ಚೂದು. ಇದು ಬ್ಯಾರೆ."

ನಾನು ಕೇಳಬೇಕಲ್ಲ! ಮುರಗೋಡದಲ್ಲಿ ಮೊದಲ ಮನೆ ಬಿಚ್ಚಿದೆ. ಎರಡನೆಯದು ಸವದತ್ತಿಯ ಕಡೆಯದು. ಬೇಸಿಗೆಯಲ್ಲೇ ಈ ಕೆಲಸ ಮಾಡಬೇಕು. ಬಿಸಿಲಿಗೆ ಮರ ಒಣಗಿ ನಾಲಿಗೆ ಒಂದು ಎಳೆಯಷ್ಟು ಕುಗ್ಗುತ್ತದೆ, ಆಗ ಮಾತ್ರ ತೂತು ಬಿಡುತ್ತದೆ. ಮಳೆ ಬಿದ್ದು ತಂಪು ಹೊಕ್ಕರೆ ಉಬ್ಬಿ ಕಚ್ಚಿಕೊಳ್ಳುತ್ತದೆ, ದೇವರು ಬಂದರೂ ಬಿಚ್ಚಲಾಗುವುದಿಲ್ಲ. ಆ ವರ್ಷದ ಬಿಸಿಲೋ, ಬೆಳಗಿನ ಒಂಬತ್ತಕ್ಕೇ ಮಾಳಿಗೆಯ ಮಣ್ಣು ಕಾಲು ಸುಡುತ್ತಿತ್ತು. ಜಂತಿಗಳ ಮೇಲಿನ ಮಣ್ಣು ಇಳಿಸುವಾಗ ನೂರು ವರ್ಷದ ಧೂಳು ಕಣ್ಣು, ಮೂಗು, ಬಾಯಿ ತುಂಬುತ್ತಿತ್ತು. ಆದರೂ ಒಂದೊಂದು ಬೆಣೆ ಹೊರಬಂದು, ತೊಲೆ ಮೇಲೇಳುತ್ತ, ಕಂಬದ ನಾಲಿಗೆ ಕಾಣುತ್ತ ಬರುವಾಗಿನ ಖುಷಿ ಬೇರೆಯೇ. ಹೊರಗೆಲ್ಲ ಕಪ್ಪು, ನಾಲಿಗೆ ಮಾತ್ರ ಬೆಲ್ಲದ ಬಣ್ಣ. ಆಗ ಆ ವಾಸನೆ ಬರುತ್ತಿತ್ತು. ಯಾರೋ ಸತ್ತುಹೋದ ಬಡಿಗ ಆ ನಾಲಿಗೆಯನ್ನು ಕೂಡಿಸಿದ ಮೇಲೆ ಅದನ್ನು ಮೊದಲು ನೋಡುತ್ತಿದ್ದವನು ನಾನು. ಒಂದು ಕಂಬಕ್ಕೂ ಪೆಟ್ಟು ಬೀಳಲಿಲ್ಲ. ಸೇಠ ಬೆನ್ನು ತಟ್ಟಿದ. ಆ ಎರಡು ಮನೆಯ ಮರ ಎಲ್ಲಿಗೆ ಹೋಯಿತು ಎಂದು ನಾನು ಕೇಳಲಿಲ್ಲ.

ಮೂರನೆಯದು ನಮ್ಮೂರಿನದೇ, ಪಾಟೀಲರ ವಾಡೆ. ಅಣ್ಣತಮ್ಮಂದಿರು ಪಾಲು ಬೇಡಿ, ಪಡಸಾಲೆಯ ನಟ್ಟನಡುವೆ ಇಟ್ಟಿಗೆಯ ಗೋಡೆ ಎತ್ತಿ, ಕೊನೆಗೆ ಅದೂ ಸಾಲದೆ ವಾಡೆಯನ್ನೇ ಇಳಿಸಿ ತಮತಮಗೆ ಆರ್‌ಸಿಸಿ ಮನೆ ಕಟ್ಟಿಕೊಳ್ಳುವುದೆಂದು ಠರಾಯಿಸಿದ್ದರು. ಎಲ್ಲರೂ ಸೇಠನಿಗೆ ಒಪ್ಪಿದರು, ಹಿರಿಯ ಪಾಟೀಲನ ಹೆಂಡತಿ ಗಂಗವ್ವ ಒಬ್ಬಳು ಬಿಟ್ಟು. ಗಂಡ ತೀರಿಹೋಗಿ ಮಗನ ಸಂಸಾರದ ಜೊತೆ ಇದ್ದಳು. ಆ ಪಡಸಾಲೆಯ ಎಂಟು ಕಂಬಗಳನ್ನು ನಿಲ್ಲಿಸಿದವರು ನಮ್ಮಜ್ಜ ಮತ್ತು ಅಪ್ಪ. ಅಪ್ಪನಿಗಾಗ ಇಪ್ಪತ್ತು ತುಂಬಿರಲಿಲ್ಲ. ಗಂಗವ್ವ ಆ ಮನೆಗೆ ಸೊಸೆಯಾಗಿ ಕಾಲಿಟ್ಟು ಎಂಟು ದಿನವಾಗಿತ್ತಂತೆ.

ನಮ್ಮ ಮನೆತನದಲ್ಲಿ ಒಂದು ರೂಢಿಯಿತ್ತು. ಮನೆಯ ಕಡೆಯ ಬೆಣೆಯನ್ನು ಬಡಿಗ ಬಡಿಯುವುದಿಲ್ಲ. ಆ ಮನೆಯಲ್ಲಿ ಬಾಳಬೇಕಾದ ಹೆಣ್ಣುಮಗಳ ಕೈಗೆ ಕೊಡತಿ ಎಂಬ ಮರದ ಸುತ್ತಿಗೆ ಕೊಟ್ಟು ಅವಳಿಂದ ಬಡಿಸುತ್ತಾರೆ. ಆ ಪಡಸಾಲೆಯಲ್ಲಿ ಕಡೆಗೆ ಉಳಿಸಿದ್ದ ಆರನೆಯ ಕಂಬದ ಬೆಣೆಯನ್ನು ಅರಿಷಿಣ ಹಚ್ಚಿದ ಕೈಯಿಂದ ಗಂಗವ್ವ ಬಡಿದಿದ್ದಳು. ಮೊದಲನೆಯ ಪೆಟ್ಟು ತಪ್ಪಿ ಅಜ್ಜನ ಹೆಬ್ಬೆರಳಿನ ಮೇಲೆ ಬಿದ್ದಿತ್ತಂತೆ. ಅಜ್ಜ "ಬೆಣಿ ಬಿಟ್ಟ ಬಡಿಗ್ಯಾನ್ನ ಬಡದಿ" ಎಂದು ನಕ್ಕಿದ್ದನ್ನು ಅವಳು ಅರವತ್ತೈದರ ವಯಸ್ಸಿನಲ್ಲೂ ಹೇಳಿ ನಗುತ್ತಿದ್ದಳು. ಆರನೆಯ ಕಂಬಕ್ಕೆ ಊರಲ್ಲಿ ಎಲ್ಲರೂ ಗಂಗವ್ವನ ಕಂಬ ಎಂದೇ ಅನ್ನುತ್ತಿದ್ದರು. ಅವಳು ಊಟದ ನಂತರ ಒರಗುವುದು ಅದಕ್ಕೇ.

ಅವಳನ್ನು ಒಪ್ಪಿಸಿದವನು ಸೇಠನಲ್ಲ. ಮೈದುನರೂ ಅಲ್ಲ. ನಾನು.

"ಮಾನೇಶಾ, ನೀ ಖರೇ ಹೇಳು," ಎಂದಳು ಆ ಕಂಬಕ್ಕೆ ಬೆನ್ನು ಕೊಟ್ಟು. "ಇವನ್ನ ಒಯ್ದು ಏನ ಮಾಡ್ತಾರ? ಒಲಿಗೆ ಹಾಕಾವ್ರಲ್ಲ ಹೌದಲ್ಲೋ?"

"ಅಯ್ಯ, ಎಂಥಾ ಮಾತ್ರೀ ಅವ್ವಾರ! ಇದ್ದ ಪಡಸಾಲಿ ಇದ್ದಂಗ ಇನ್ನೊಂದ ಕಡೆ ನಿಲ್ಲಸ್ತಾರು. ನಾನ ಹೋಗಿ ಕೂಡಿಸಿ ಬರಾಂವ."

"ಹಿಂಗ ನಿಲ್ಲತೈತಿ?"

"ಹಿಂಗ ನಿಲ್ಲತೈತಿ. ನನ್ನ ಮಾತ್ರಿ."

"ಕಾಳಣ್ಣನ ಮಗಾ ನೀನು," ಎಂದಳು. "ಎಲ್ಲ್ಯಾರ ನಿಲ್ಲಲಿ. ನನ್ನ ಕಣ್ಣಮುಂದ ಇರದಿದ್ರೂ ಅಡ್ಡಿಯಿಲ್ಲ. ನಿಂತೈತಿ ಅನ್ನೂದೊಂದ ಇರಲಿ ಸಾಕು." ಮರುದಿನ ಮಗನ ಮುಂದೆ ಕಾಗದಕ್ಕೆ ಸಹಿ ಹಾಕಿದಳು.

ಕೆಲಸ ಶುರುವಾದ ದಿನ ಅಪ್ಪ ಬಂದು ಕಟ್ಟೆಯ ಮೇಲೆ ಕೂತ. ಒಳಗೆ ಬರಲಿಲ್ಲ. ಗಂಗವ್ವ ಬೆಣೆ ತೆಗೆಯುವಾಗ ತಾನಿರಬೇಕು ಎಂದಿದ್ದಳು. ಆರನೆಯ ಕಂಬದಿಂದಲೇ ಶುರು ಮಾಡಿದೆ. ಐವತ್ತು ವರ್ಷ ಅಲ್ಲಾಡದ ಬೆಣೆ ಮೂರೇ ಪೆಟ್ಟಿಗೆ ಹೊರಬಂತು. ಅವಳು ಸೆರಗೊಡ್ಡಿದಳು. ಬೆರಳುದ್ದದ ಜಾಲಿಯ ಬೆಣೆ, ಒಂದು ಕಡೆ ಅವಳ ಪೆಟ್ಟಿಗೆ ಜಜ್ಜಿದ ತಲೆ. ಸೆರಗಿನಲ್ಲಿ ಗಂಟು ಹಾಕಿಕೊಂಡು ಒಳಗೆ ಹೋದಳು.

ಕಂಬ ಇಳಿದ ಮೇಲೆ ಅಪ್ಪನನ್ನು ಕರೆದು ನಾಲಿಗೆ ತೋರಿಸಿದೆ. ಅದರ ಮೇಲೆ ಅಜ್ಜ ಉಳಿಯಿಂದ ಹಾಕಿದ ಗುರುತು ನಿನ್ನೆ ಹಾಕಿದ ಹಾಗಿತ್ತು: ಒಂದು ಓರೆ ಗೆರೆ, ಪಕ್ಕದಲ್ಲಿ ಒಂದು ನೇರ ಗೆರೆ. ಓರೆ ಅಂದರೆ ಐದು, ನೇರ ಅಂದರೆ ಒಂದು. ಕಂಬದ ತಲೆಯ ಮೇಲೆ ಕೂರುವ ಕೆತ್ತನೆಯ ಅಡ್ಡ ತುಂಡಿಗೆ ಬೋದಿಗೆ ಅನ್ನುತ್ತಾರೆ. ಆ ಬೋದಿಗೆಯ ತೂತಿನ ಒಳಗೋಡೆಯ ಮೇಲೂ ಅದೇ ಗುರುತು. ಕೈಯಿಂದ ಮಾಡಿದ ನಾಲಿಗೆ ತನ್ನ ತೂತಿಗಷ್ಟೇ ಕೂರುತ್ತದೆ, ಪಕ್ಕದ ತೂತಿಗೆ ಕೂರುವುದಿಲ್ಲ. ಅದಕ್ಕೇ ಗುರುತು. ಕೂಡಿಸಿದ ಮೇಲೆ ಯಾರ ಕಣ್ಣಿಗೂ ಬೀಳಬಾರದೆಂದು ಒಳಗೇ ಹಾಕುತ್ತಿದ್ದರು.

ಅಪ್ಪ ಬೆರಳಾಡಿಸಿದ. ಅವನಪ್ಪನ ಕೈ ಅದು. "ಹೊರಗೂ ಒಂದು ಗುರ್ತ ಹಾಕು. ಕಾವಿ ಕಲಸಿ ಕಂಬದ ಮೈಮ್ಯಾಲೆ ಅಂಕಿ ಬರಿ. ಒಡ್ಡಿನ ಕೆಲಸದಾಗ ನಾವು ಹಂಗ ಮಾಡಿದ್ವಿ," ಎಂದ.

"ಸೇಠರು ಬ್ಯಾಡ ಅಂದಾರಪ್ಪಾ. ಬಣ್ಣ ಬಿದ್ರ ಹಳೇ ಕಳಾ ಹೋಗತೈತೆಂತ. ಒಳಗ ಐತೆಲ್ಲಾ, ಅಜ್ಜ ಹಾಕಿದ್ದು?"

"ಒಳಗಿಂದು ಓದಾಂವ ಯಾರೋ?"

"ನಾನು," ಎಂದೆ. "ನನ್ನ ಬಿಟ್ಟು ಯಾರಿಗೆ ಬರತೈತಿ?"

ಆ 'ನಾನು' ಎನ್ನುವಾಗ ನನ್ನ ಎದೆ ಎಷ್ಟು ಮುಂದೆ ಬಂದಿತ್ತು ಎಂಬುದು ನನಗೆ ಇವತ್ತೂ ನೆನಪಿದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಒಂದು ಹಿಡಿ ಕಾವಿ, ಒಂದು ಚಿಂದಿ ಬಟ್ಟೆ, ಅರ್ಧ ತಾಸಿನ ಕೆಲಸ. ಅದನ್ನು ಮಾಡಲಿಲ್ಲ. ಅಪ್ಪ ಎದ್ದು ಮನೆಗೆ ಹೋದ. ಮರುದಿನದಿಂದ ಕಟ್ಟೆಗೆ ಬರಲಿಲ್ಲ.

ಹತ್ತೇ ದಿನದಲ್ಲಿ ಪಡಸಾಲೆ ಪೂರ್ತಿ ಇಳಿಯಿತು. ಎಂಟು ಕಂಬ, ಎಂಟು ಬೋದಿಗೆ, ತೊಲೆಗಳು, ಜಂತಿಗಳು ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ಮಲಗಿಸಿದೆ. ಊರವರು ಬಂದು ನೋಡಿ, "ಒಂದೂ ಸೀಳಿಲ್ಲಲ್ಲೋ ಮಾರಾಯಾ!" ಎಂದು ಹೊಗಳಿದರು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟತೊಡಗಿದ್ದವು. ಲಾರಿ ನಾಳೆ ಬರುವುದಿತ್ತು. ಆಗ ಸೇಠನ ಕೂಲಿಯಾಳುಗಳ ಮುಕಾದಮ ಬಂದು, ರಾಮದುರ್ಗದಲ್ಲಿ ಇದಕ್ಕಿಂತ ದೊಡ್ಡದೊಂದು ವಾಡೆ ಇದೆ, ಮಳೆ ಹಿಡಿಯುವ ಮೊದಲು ಅದನ್ನೂ ಮುಗಿಸಬೇಕು, ನಾಳೆಯೇ ಹೋಗಿ ನೋಡಿ ಬನ್ನಿ, ಸೇಠರು ನಿಮ್ಮನ್ನು ಬಿಟ್ಟು ಬೇರೆಯವರನ್ನು ಕೇಳುವುದಿಲ್ಲ ಎಂದ.

"ಮತ್ತ ಇದನ್ನ ಹೇರೂದು?"

"ಹೇರೂದೇನ್ರಿ, ಹಮಾಲ್ರ ಕೆಲಸ. ನೀವ್ಯಾಕ ನಿಂದರತೀರಿ?"

ನನಗೂ ಹೌದೆನ್ನಿಸಿತು. ಬಿಚ್ಚುವವನು ನಾನು, ಹೇರುವುದು ನನ್ನ ಘನತೆಗೆ ಕಡಿಮೆ. "ಆತು, ಲಾರಿಗೆ ಹೆಂಗ ಕೂಡತೈತೋ ಹಂಗ ನೋಡಿ ಹೇರ್ರಿ," ಎಂದುಬಿಟ್ಟೆ. ಅಷ್ಟೇ ಮಾತು. ಬಾಯಿಂದ ಬಂದದ್ದು ಅಷ್ಟೇ.

ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ಹೋದೆ. ಆ ವಾಡೆ ನೋಡಿ ಕಣ್ಣು ತಿರುಗಿತು. ಇಪ್ಪತ್ತು ಕಂಬ, ಕೆತ್ತನೆಯ ತೊಲೆಗಳು. ಕಂಬ ಕಂಬವನ್ನೂ ತಟ್ಟಿ ನೋಡಿ, ಬೆಣೆಗಳಿರುವ ಜಾಗ ಗುರುತಿಸಿ, ಆ ಮನೆಯವರು ಹಾಕಿದ ಊಟ ಉಂಡು, ದೊಡ್ಡ ಮನುಷ್ಯನ ಹಾಗೆ ಎಲೆಅಡಿಕೆ ಹಾಕಿಕೊಂಡೆ. ಸಂಜೆ ಗಾಳಿ ಎದ್ದು ಮಳೆ ಸುರಿಯಿತು. ವರ್ಷದ ಮೊದಲ ಮಳೆ. ಬಸ್ಸು ತಪ್ಪಿ ಅಲ್ಲೇ ಉಳಿದೆ. ನಮ್ಮ ಮರ ಲಾರಿಯಲ್ಲಿ ತಾಡಪತ್ರಿಯ ಕೆಳಗೆ ಬೆಚ್ಚಗಿರಬಹುದು ಎಂದುಕೊಂಡೆ.

ಮರುದಿನ ಊರಿಗೆ ಬಂದಾಗ ಹನ್ನೊಂದು ಗಂಟೆ. ರಾತ್ರಿ ಮಳೆಗೆ ಅಲ್ಲೇ ನಿಂತಿದ್ದ ಲಾರಿ ಬೆಳಿಗ್ಗೆ ಹೋಗಿತ್ತು. ಅಂಗಳವೆಲ್ಲ ಕೆಸರು, ಕೆಸರಿನಲ್ಲಿ ಗಾಲಿಯ ಗುರುತು. ಬಾವಿಯ ಹತ್ತಿರ ಹಮಾಲರು ಹೊರಡುವ ಮುಂಚೆ ಚಹಾ ಕಾಸಿದ ಮೂರು ಕಲ್ಲಿನ ಒಲೆ ಇನ್ನೂ ಹೊಗೆಯಾಡುತ್ತಿತ್ತು. ಅದರ ಪಕ್ಕದಲ್ಲಿ ಮರದ ತುಂಡುಗಳ ಗುಡ್ಡೆ. ಮೊದಲು ನನಗೆ ಗೊತ್ತಾಗಲಿಲ್ಲ. ಹತ್ತಿರ ಹೋದೆ. ಬೆಲ್ಲದ ಬಣ್ಣ. ಮಳೆಗೆ ತೊಯ್ದು ಆ ವಾಸನೆ ಅಂಗಳದ ತುಂಬ ಹರಡಿತ್ತು.

ಕಂಬಗಳ ನಾಲಿಗೆಗಳು. ಬುಡಕ್ಕೆ ಸರಿಯಾಗಿ ಗರಗಸದಿಂದ ಕೊಯ್ದು ಹಾಕಿದ್ದರು.

ಶಿವನೇ, ಏನು ಹೇಳಲಿ. ಕೆಸರಿನಲ್ಲೇ ಕುಕ್ಕರಿಸಿ ಒಂದೊಂದನ್ನೇ ಎತ್ತಿ ನೋಡಿದೆ. ಪ್ರತಿಯೊಂದರ ಮೇಲೂ ಅಜ್ಜನ ಗೆರೆಗಳು. ಯಾವ ಕಂಬ ಎಲ್ಲಿ ನಿಲ್ಲಬೇಕು ಎಂದು ಹೇಳುವ ಗುರುತೆಲ್ಲ ಇಲ್ಲಿ, ನನ್ನ ಕೈಯಲ್ಲಿ, ಕಂಬಗಳು ಲಾರಿಯಲ್ಲಿ. ಹೊರಗೆ ಒಂದು ಕಾವಿಯ ಅಂಕಿಯೂ ಇಲ್ಲ. ಕೂಡಿಸಲು ನಾಲಿಗೆಯೂ ಇಲ್ಲ. ನನ್ನನ್ನು ಕರೆದರೂ, ಸತ್ತ ನಮ್ಮಜ್ಜನನ್ನೇ ಎಬ್ಬಿಸಿ ಕರೆತಂದರೂ ಆ ಪಡಸಾಲೆ ಇನ್ನು ನಿಲ್ಲುವುದಿಲ್ಲ.

ತಲೆಯೆತ್ತಿದರೆ ಗಂಗವ್ವ ನಿಂತಿದ್ದಳು. ಮಣ್ಣಿನ ಗೋಡೆಯ ಎರಡು ಕೋಣೆಯಷ್ಟೇ ಉಳಿದಿದ್ದ ಮನೆಯ ಬಾಗಿಲಲ್ಲಿ.

"ಲಾರಿಯೊಳಗ ಸಾಲಾಗಿ ಕೂಡವಲ್ವು, ತುದಿ ಹೊರಗ ಬರತಾವ ಅಂದ್ರು," ಎಂದಳು. "ಮಳಿ ಬಂತು, ಗಡಿಬಿಡಿ ಮಾಡಿದ್ರು. ಗರಗಸ ತಗದ್ರು. ನಾ ಓಡಿಬಂದೆ, ಏನ ಮಾಡ್ತೀರೋ ಅಂದೆ. ಮಿಸ್ತ್ರಿ ಹೇಳಿ ಹೋಗ್ಯಾನ, ಹೆಂಗ ಕೂಡತೈತೋ ಹಂಗ ಮಾಡ್ರಿ ಅಂದಾನ ಅಂದ್ರು."

ನಾನು ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟೆ.

"ಕಾಳಣ್ಣನ ಮಗ ಹೇಳಿದ್ದು ಅಂದ ಮ್ಯಾಲೆ ನಾ ಯಾಕ ಬ್ಯಾಡ ಅನ್ನಲಿ? ಹಿಂಗ ಮಾಡೂದ ರೀತಿ ಇರಬೇಕು ಅಂತ ತಿಳಕೊಂಡು ಸುಮ್ನಾದೆ. ಹೌದಲ್ಲೋ, ನೀ ಹೇಳಿದ್ದೇನು?"

"ಅವ್ವಾರ, ನಾ... ಹೇರ್ರಿ ಅಂದಿದ್ದೆ. ಕೊಯ್ರಿ ಅಂದಿದ್ದಿಲ್ಲ."

"ಅಂದಿದ್ದಿ ಹಂಗಾರ."

"ಅವ್ವಾರ..."

"ಇನ್ನ ನಿಲ್ಲೂದಿಲ್ಲ ಅದು?"

ಸುಳ್ಳು ಹೇಳಬಹುದಿತ್ತು. ಹೇಳಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. "ಇಲ್ರೀ," ಎಂದೆ.

ಅವಳು ಅಳಲಿಲ್ಲ, ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು, ಕಾಲು ಹಿಡಿಯುತ್ತಿದ್ದೆ. ಮೆಲ್ಲಗೆ ಕೆಸರು ದಾಟಿ ಬಂದಳು. ಸೆರಗಿನ ಗಂಟು ಬಿಚ್ಚಿ ಆ ಬೆಣೆಯನ್ನು ತೆಗೆದಳು. "ಮತ್ತ ಇದೊಂದು ಯಾಕ?" ಎಂದು ಹೊಗೆಯಾಡುತ್ತಿದ್ದ ಒಲೆಗೆ ಹಾಕಿ, ಕೋಲಿನಿಂದ ಕೆಂಡವನ್ನು ಅದರ ಮೇಲೆ ಎಳೆದಳು. ಜಾಲಿ ಒಣಗಿತ್ತು, ಕೂಡಲೇ ಹತ್ತಿಕೊಂಡಿತು. ಅದು ಉರಿದು ಮುಗಿಯುವವರೆಗೂ ಇಬ್ಬರೂ ನಿಂತಿದ್ದೆವು. ಆಮೇಲೆ ಅವಳು ಒಳಗೆ ಹೋದಳು.

ಬೈಲಹೊಂಗಲಕ್ಕೆ ಹೋಗಿ ಎಸ್‌ಟಿಡಿ ಬೂತಿನಿಂದ ಸೇಠನಿಗೆ ಫೋನು ಹಚ್ಚಿದೆ. ಬಾಯಿಗೆ ಬಂದ ಹಾಗೆ ಬಯ್ದೆ. ಅವನಿಗೆ ನಾನು ಏನು ಹೇಳುತ್ತಿದ್ದೇನೆಂಬುದೇ ತಿಳಿಯಲಿಲ್ಲ.

"ಅಲ್ರೀ ಮಿಸ್ತ್ರಿ, ಒಂದ ಗೇಣ ತುದಿ ಹೋದ್ರ ಏನಾತು? ಕಂಬ ಉಳದಾವಲ್ಲ!"

"ಮತ್ತ ಹೆಂಗ ಕೂಡಸ್ತೀರಿ?"

"ಕೂಡಸಾವ್ರು ಯಾರ್ರೀ?" ಎಂದು ನಕ್ಕ. "ಬುಡಕ್ಕ ಸಿಮೆಂಟ ಹಾಕಿದ್ರ ನಿಂದರತಾವ. ಮಂದಿಗೆ ಕಂಬ ಕಂಡ್ರ ಸಾಕು. ಅದಿರಲಿ, ರಾಮದುರ್ಗ ಯಾವಾಗ ಶುರು ಮಾಡೂಣು?"

ಕೂಡಿಸುವ ಮಾತನ್ನು ಅಪ್ಪ ಮೊದಲ ದಿನವೇ ಎತ್ತಿದ್ದ. ಅದನ್ನೇ ನಾನು ಸೇಠನಿಗೆ ಕೇಳಿದ್ದೆ, ಎರಡು ತಿಂಗಳು ತಡವಾಗಿ. ಫೋನು ಇಟ್ಟುಬಿಟ್ಟೆ. ರಾಮದುರ್ಗಕ್ಕೆ ಹೋಗಲಿಲ್ಲ. ಅದರಿಂದ ಯಾರಿಗೆ ಏನಾಯಿತು? ಆ ವಾಡೆಯನ್ನು ಮುಂದಿನ ಬೇಸಿಗೆಯಲ್ಲಿ ಇನ್ಯಾರೋ ಕೊಡಲಿಯಿಂದ ಕೆಡವಿದರು ಎಂದು ಕೇಳಿದೆ.

ನಾಲಿಗೆಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಮನೆಗೆ ಬಂದೆ. ಎಂಟಿರಬೇಕಿತ್ತು, ಆರಿದ್ದವು. ಎರಡನ್ನು ಹಮಾಲರು ಚಹಾದ ಒಲೆಗೆ ಹಾಕಿದ್ದರು. ಅಪ್ಪ ಚೀಲ ಕಸಿದುಕೊಂಡು ನೆಲದ ಮೇಲೆ ಸುರಿದ. ಒಂದೊಂದನ್ನೂ ಎತ್ತಿ, ಕಣ್ಣು ಮಂಜಾಗಿದ್ದರಿಂದ ಬೆರಳಿನಿಂದ ಗೆರೆ ಓದಿ, ಪಡಸಾಲೆಯಲ್ಲಿ ಕಂಬ ನಿಂತಿದ್ದ ಸಾಲಿನಲ್ಲೇ ಇಡುತ್ತ ಹೋದ. ಎರಡನೆಯದಕ್ಕೂ ಏಳನೆಯದಕ್ಕೂ ಜಾಗ ಬಿಟ್ಟ. ಆರನೆಯದನ್ನು ಇಡುವಾಗ, "ಗಂಗವ್ವಂದು," ಎಂದ.

ಎಲ್ಲ ಇಟ್ಟಾದ ಮೇಲೆ ನನ್ನ ಕಡೆ ತಿರುಗಿದ. "ನೋಡಪಾ, ನಿನ್ನ ಹೊರತ ಯಾರಿಗೂ ಓದಾಕ ಬರೂದಿಲ್ಲ ಅಂದಿದ್ದಿ. ಓದು," ಎಂದ.

ನಾನು ಅತ್ತೆ. ಮೂವತ್ತೆರಡು ವರ್ಷದ ಗಂಡಸು, ಮಕ್ಕಳ ಮುಂದೆ ಗಳಗಳ ಅತ್ತೆ. ಅಪ್ಪನ ಮನಸ್ಸು ಕರಗಲಿಲ್ಲ. "ಇನ್ನ ಮ್ಯಾಲೆ ನನ್ನ ಉಳಿ ಮುಟ್ಟಬ್ಯಾಡ," ಎಂದು ಎದ್ದುಹೋದ.

ಸಿಟ್ಟಿನ ಮಾತು, ಎರಡು ದಿನಕ್ಕೆ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ಆ ವರ್ಷದ ಖಂಡೇನವಮಿಯ ಆಯುಧಪೂಜೆಯಲ್ಲಿ ನಾನು ನನ್ನ ಉಳಿ, ಬಾಚಿ, ಗರಗಸ ತೊಳೆದು ಮಣೆಯ ಮೇಲಿಟ್ಟಾಗ ಅಪ್ಪ ತನ್ನವನ್ನು ಬೇರೆ ಮಣೆಯ ಮೇಲಿಟ್ಟು ಪೂಜೆ ಮಾಡಿದ. ಅದರ ಮುಂದಿನ ವರ್ಷವೂ ಅಷ್ಟೇ. ಊಟಕ್ಕೆ ಜೊತೆಗೆ ಕೂರುತ್ತಿದ್ದ, ಮಳೆ ಬೆಳೆ ಮಾತಾಡುತ್ತಿದ್ದ, ಕೆಮ್ಮು ಬಂದಾಗ ಬೆನ್ನು ನೀವಿಸಿಕೊಳ್ಳುತ್ತಿದ್ದ. ಮರದ ಮಾತು ಮಾತ್ರ ಎತ್ತಲಿಲ್ಲ. ಐದು ವರ್ಷ ಹೀಗೇ ನಡೆದು, ಒಂದು ಚಳಿಗಾಲದಲ್ಲಿ ತೀರಿಕೊಂಡ. ಅವನ ಉಳಿ ಈಗ ನನ್ನ ಹತ್ತಿರವೇ ಇದೆ. ಮಸೆದು ಎಣ್ಣೆ ಹಚ್ಚಿ ಇಡುತ್ತೇನೆ, ಕೆಲಸಕ್ಕೆ ಹಿಡಿದಿಲ್ಲ.

ಗಂಗವ್ವನ ಮಗ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿದ. ಆ ಮನೆಯ ಬಾಗಿಲನ್ನಾದರೂ ನಾನು ಮಾಡಿಕೊಡುತ್ತೇನೆ, ಏನೂ ಕೊಡಬೇಡಿ ಎಂದು ಹೇಳಿ ಕಳಿಸಿದೆ. ಬೈಲಹೊಂಗಲದಿಂದ ಸಿದ್ಧ ಬಾಗಿಲು ಬಂತು. ಎದುರಿಗೆ ಸಿಕ್ಕಾಗೆಲ್ಲ ಗಂಗವ್ವ, "ಆರಾಮ ಅದೀಯೋ? ಮಕ್ಕಳು ಸಾಲಿಗೆ ಹೋಗತಾವೋ?" ಎಂದು ಕೇಳುತ್ತಿದ್ದಳು. ಅಷ್ಟೇ ಕೇಳುತ್ತಿದ್ದಳು. ಅಪ್ಪ ಹೋದ ಎರಡು ವರ್ಷಕ್ಕೆ ಅವಳೂ ಹೋದಳು. ಕೊಯ್ಯಲು ನಾನು ಹೇಳಲಿಲ್ಲ ಎಂಬುದನ್ನು ಅವಳು ನಂಬಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ನಂಬಿದ್ದರೂ ಆಗುವುದೇನಿತ್ತು?

ಹೋಟೆಲಿನ ಮಾತಿಗೆ ಬರುತ್ತೇನೆ. ಮ್ಯಾನೇಜರನಿಗೆ, ಈ ಕಂಬ ಎಲ್ಲಿಯವು ಎಂದು ಕೇಳಿದೆ. "ಅರಮನಿ ಕಂಬ ರೀ, ಮುನ್ನೂರ ವರ್ಷದ್ದು!" ಎಂದ ಹೆಮ್ಮೆಯಿಂದ. ಅಷ್ಟು ವರ್ಷ ಯಾವುದೋ ಗೋದಾಮಿನಲ್ಲಿ ಬಿದ್ದಿದ್ದು, ಕೈಯಿಂದ ಕೈಗೆ ಮಾರಿಕೊಂಡು ಇಲ್ಲಿಗೆ ಬಂದಿರಬೇಕು. ಬೋದಿಗೆಗಳು ಎಲ್ಲಿ ಎಂದು ಹುಡುಕಿದೆ. ಹುಡುಕಬೇಕಾಗಲಿಲ್ಲ, ನಾನು ಚಹಾದ ಕಪ್ಪು ಇಟ್ಟದ್ದೇ ಒಂದರ ಮೇಲೆ. ಇಟ್ಟಿಗೆಯ ಗದ್ದಿಗೆ ಕಟ್ಟಿ, ಬೋದಿಗೆಯನ್ನು ಬೋರಲು ಮಲಗಿಸಿ, ಗಿರಾಕಿಗಳಿಗೆ ಟೇಬಲ್ಲು ಮಾಡಿದ್ದರು. ಮೇಲ್ಮುಖವಾಗಿದ್ದ ತೂತಿನಲ್ಲಿ ಚಮಚ ಮತ್ತು ಕಾಗದದ ಕರವಸ್ತ್ರ ಸಿಕ್ಕಿಸಿದ್ದರು. ಚಮಚ ತೆಗೆದು ಬೆರಳು ಇಳಿಸಿದೆ. ಮೂರು ನೇರ ಗೆರೆ. ಎದ್ದು ಪಕ್ಕದ ಟೇಬಲ್ಲಿಗೆ ಹೋದೆ. ಅಲ್ಲಿ ದೋಸೆ ತಿನ್ನುತ್ತಿದ್ದವರು ತಟ್ಟೆ ಎತ್ತಿಕೊಂಡು ನನ್ನನ್ನು ಹುಚ್ಚನ ಹಾಗೆ ನೋಡಿದರು. ಓರೆ ಒಂದು, ನೇರ ಎರಡು. ಹೀಗೆ ಟೇಬಲ್ಲು ಟೇಬಲ್ಲಿಗೂ ಬೆರಳು ಹಾಕುತ್ತ ಹೋಗಿ, ಕೈ ತೊಳೆಯುವ ಜಾಗದ ಪಕ್ಕದಲ್ಲಿ ಆರನೆಯದನ್ನು ಹಿಡಿದೆ.

ಮುಂದಿನ ಸೋಮವಾರ ಮತ್ತೆ ಹೋದೆ. ಚೀಲದಲ್ಲಿ ಗಂಗವ್ವನ ಕಂಬದ ನಾಲಿಗೆ ಇತ್ತು. ಜನ ಕಡಿಮೆ. ಕೈ ತೊಳೆಯುವ ಜಾಗದ ಪಕ್ಕ ಕೂತು, ಚಮಚಗಳನ್ನು ಹೊರಗೆ ತೆಗೆದು, ನಾಲಿಗೆಯನ್ನು ತೂತಿಗೆ ಹಿಡಿದೆ. ಗೆರೆಗೆ ಗೆರೆ ಕೂಡಿತು. ಅಂಗೈಯಿಂದ ಒಂದು ಪೆಟ್ಟು ಕೊಟ್ಟೆ. ಹೋಯಿತು. ಹನ್ನೊಂದು ವರ್ಷ ಬೇರೆಬೇರೆ ಮಳೆ ಬಿಸಿಲು ತಿಂದಿದ್ದರೂ, ಎಲ್ಲಿಯೂ ತಡೆಯದೆ, ಎಲ್ಲಿಯೂ ಅಲ್ಲಾಡದೆ ಇಳಿಯಿತು. ಅಜ್ಜಾ, ಎಂಥ ಕೈ ನಿನ್ನದು! ಕೆಳಗೆ ಇಟ್ಟಿಗೆ ಅಡ್ಡ ಬಂದು, ಬೋದಿಗೆಯನ್ನು ದಾಟಿ ತೊಲೆಯೊಳಗೆ ಹೋಗಬೇಕಾದ ನಾಲ್ಕು ಬೆರಳು ಮಾತ್ರ ಮೇಲೆ ಉಳಿಯಿತು. ಅದರಿಂದ ಬೆಣೆಯ ತೂತಿಗೆ ತೂತು ಕೂಡಲಿಲ್ಲ. ಕೂಡಿದ್ದರೂ ಬಡಿಯಲು ಬೆಣೆ ಇರಲಿಲ್ಲ, ಬಡಿಯುವವಳೂ ಇರಲಿಲ್ಲ. ಆದರೂ ನಾನು ಕೈ ತೆಗೆಯಲಿಲ್ಲ. ಇಷ್ಟಾದರೂ ನಿಂತಿತಲ್ಲ ಎಂದು ಅದನ್ನು ಹಿಡಿದುಕೊಂಡು ಕೂತೆ.

ಮ್ಯಾನೇಜರು ಬಂದ. ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ.

"ಏನದು ರೀ, ಅದರಾಗ ಏನ ಬಡದ್ರಿ? ತಗೀರಿ ಯಜಮಾನ್ರ. ಚಮಚಾ ಎಲ್ಲಿ ಇಡೂಣು?"

ಶ್ರಾವಣದ ತಂಪು ಹೊಕ್ಕ ಮರ ಆ ಒಂದು ಪೆಟ್ಟಿಗೇ ಕಚ್ಚಿಕೊಂಡಿತ್ತು, ಎಳೆದರೆ ಬರಲಿಲ್ಲ. ಅವನು ಸುತ್ತಿಗೆ ತರಿಸುತ್ತೇನೆ ಎಂದ.

"ಬ್ಯಾಡ್ರಿ, ಒಡೀತೈತಿ," ಎಂದೆ. "ನನಗ ಬಿಚ್ಚಾಕ ಬರತೈತಿ."

ಎರಡೂ ಕೈಯಿಂದ ಹಿಡಿದು, ಆಚೆ ಒಂದಿಷ್ಟು ಈಚೆ ಒಂದಿಷ್ಟು ಮಿಸುಕಾಡಿಸಿ, ಸೀಳು ಬೀಳದ ಹಾಗೆ ಹೊರಗೆ ತೆಗೆದೆ. ಅವನು ಚಮಚಗಳನ್ನು ತೂತಿನಲ್ಲಿ ಇಟ್ಟು, ಏನು ಕೊಡಲಿ ಎಂದು ಕೇಳಿದ. ಒಂದು ಚಹಾ ಎಂದೆ.